ಹನ್ನೊಂದನೆಯ ಸಾಲು

ಕೈಗವಸು ಬೇಕೆಂದು ಎರಡು ಸಲ ಬರೆದಿದ್ದೆವು. ಮಸ್ಕತ್ತಿನ ಸ್ಟೋರಿನಿಂದ ಬಂದದ್ದು ಧೂಳಿಗೆ ಹಾಕಿಕೊಳ್ಳುವ ಮಾಸ್ಕು. ಅಲ್ಲಿ ಕೂತವರಿಗೆ ಓಮಾನಿನಲ್ಲಿ ಚಳಿ ಎಂದರೆ ನಂಬಿಕೆ ಬರುತ್ತಿರಲಿಲ್ಲ. ಹುಡುಗರು ಕೈಗೆ ಕಾಲುಚೀಲ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ತಾಮ್ರದ ಪೈಪಿನ ನಟ್ಟು ಬಿಗಿಯುವಾಗ ಕಾಲುಚೀಲ ಜಾರುತ್ತದೆ. ಆಗ ಒಂದು ಕೈಯದನ್ನು ತೆಗೆಯುತ್ತಿದ್ದರು. ಆ ಕೈ ಮರಗಟ್ಟಿದ ಮೇಲೆ ಇನ್ನೊಂದು.

ಜಬಲ್ ಅಖ್ದರ್ ಬೆಟ್ಟದ ನೆತ್ತಿ. ಕೆಳಗೆ ನಿಜ್ವಾದಲ್ಲಿ ಜನ ಅಂಗಿಯಲ್ಲಿ ಓಡಾಡುತ್ತಿರುವ ಜನವರಿಯಲ್ಲೂ ಇಲ್ಲಿ ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಗಾಜಿನಂಥ ಪದರ ಇರುತ್ತದೆ. ರಜೆಗೆ ಬರುವ ಶ್ರೀಮಂತರಿಗಾಗಿ ಇಪ್ಪತ್ತೆರಡು ವಿಲ್ಲಾ ಕಟ್ಟಿದ್ದರು. ಅವುಗಳಿಗೆ ಹೀಟ್ ಪಂಪ್ ಹಾಕುವ ಗುತ್ತಿಗೆ ನಮ್ಮ ಕಂಪನಿಯದು. ನೋಡಲಿಕ್ಕೆ ಎ.ಸಿ.ಯೇ. ಒಳಗೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ. ಆದರೆ ಚಳಿಗಾಲದಲ್ಲಿ ಮನೆಯನ್ನು ಬಿಸಿ ಮಾಡುತ್ತದೆ.

ನಮ್ಮ ಕ್ಯಾಬಿನ್ನಿಗೂ ಒಂದು ಎ.ಸಿ. ಇತ್ತು. ತಂಪು ಮಾತ್ರ ಮಾಡುವಂಥದು. ಅದರ ಸಂದಿಯಿಂದ ಗಾಳಿ ನುಗ್ಗುತ್ತದೆಂದು ರಟ್ಟು ತುರುಕಿದ್ದೆವು.

ನಾವು ಒಂಬತ್ತು ಜನ. ಎಂಟು ಜನ ಟೆಕ್ನಿಶಿಯನ್ನರು, ಮತ್ತು ನಾನು. ನನ್ನ ಹುದ್ದೆಯ ಹೆಸರು ಡಾಕ್ಯುಮೆಂಟ್ ಕಂಟ್ರೋಲರ್. ಮೂಡುಬಿದಿರೆಯಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವನು ಇಲ್ಲಿ ಕಾಗದ ಜೋಡಿಸುತ್ತಿದ್ದೆ. ಕಡಿಮೆ ಮಾತಾಡುವವನು ಎಂದು ಎಲ್ಲರಿಗೂ ನನ್ನ ಮೇಲೆ ಗೌರವವಿತ್ತು. ಮಾತಾಡದಿರುವುದು ಒಳ್ಳೆಯ ಗುಣ ಎಂದು ನಾನೂ ತಿಳಿದಿದ್ದೆ.

ಎಂಟು ಜನರಲ್ಲಿ ಹಿರಿಯ ಶಂಕ್ರೆಪ್ಪಣ್ಣ. ಬಾದಾಮಿ ಕಡೆಯವರು. ಗದಗದಲ್ಲಿ ಐ.ಟಿ.ಐ. ಮಾಡಿ, ಹದಿನಾಲ್ಕು ವರ್ಷದಿಂದ ಮಸ್ಕತ್ತಿನಲ್ಲಿ ಎ.ಸಿ. ಹಾಕಿದವರು. ಕಂಪ್ರೆಸರಿಗೆ ಕಿವಿ ಕೊಟ್ಟು ಗ್ಯಾಸು ಎಷ್ಟಿದೆ ಎಂದು ಹೇಳುತ್ತಿದ್ದರು. ಮೂರು ವರ್ಷದಿಂದ ಊರಿಗೆ ಹೋಗಿರಲಿಲ್ಲ. ರಜೆ ಕೇಳಿದಾಗಲೆಲ್ಲ ಕಂಪನಿಯವರು ಈ ಪ್ರಾಜೆಕ್ಟು ಮುಗಿಯಲಿ ಎನ್ನುತ್ತಿದ್ದರು.

ಮೊದಲ ವಿಲ್ಲಾದ ಯಂತ್ರ ಚಾಲೂ ಮಾಡಿದ ದಿನ ಒಂದು ತಮಾಷೆಯಾಯಿತು. ಚಳಿಗೆ ನಡುಗುತ್ತಿದ್ದ ಹುಡುಗರೆಲ್ಲ ಓಡಿಹೋಗಿ ಹೊರಗಿನ ಪೆಟ್ಟಿಗೆಯ ಎದುರು ಕೈ ಚಾಚಿ ನಿಂತರು. ಮಸ್ಕತ್ತಿನಲ್ಲಿ ಆ ಪೆಟ್ಟಿಗೆ ಬೆಂಕಿಯಂಥ ಗಾಳಿ ಉಗುಳುತ್ತದೆ. ಅದರ ಎದುರು ಯಾರೂ ನಿಲ್ಲುವುದಿಲ್ಲ. ಇಲ್ಲಿ ಕಾಯಿಸಿಕೊಳ್ಳೋಣ ಎಂದು ನಿಂತವರ ಮುಖಕ್ಕೆ ಬೆಟ್ಟದ ಗಾಳಿಗಿಂತ ತಣ್ಣಗಿನ ಗಾಳಿ ಬಡಿಯಿತು.

"ಅಯ್ಯೋ ಇವನ!" ಎಂದು ಭಟ್ಕಳದ ಫಾಹಿಮ್ ಹಿಂದಕ್ಕೆ ಜಿಗಿದ. "ಶಂಕ್ರೆಪ್ಪಣ್ಣ, ಇದು ಉಲ್ಟಾ ಹಾಕಿದ್ದೀರಿ."

"ಉಲ್ಟಾನ ಹಾಕೂದು ಮಗನ," ಎಂದು ಶಂಕ್ರೆಪ್ಪಣ್ಣ ನಕ್ಕರು. "ಹೊರಗಿನ ಗಾಳ್ಯಾಗ ಇದ್ದಷ್ಟು ಬಿಸಿ ಹೀರಿ ಸಾಹೇಬ್ರ ಮನಿಯೊಳಗ ಬಿಡತೈತಿ. ಉಳಿದ ಥಂಡಿ ನಮ್ಮ ಪಾಲಿಗೆ."

ಎಲ್ಲರೂ ನಕ್ಕರು. ಅವರು ಮಾತ್ರ ನಗು ನಿಲ್ಲಿಸಿ ಪೆಟ್ಟಿಗೆಯ ಕೆಳಗೆ ನೋಡುತ್ತ ಕುಕ್ಕರಗಾಲಲ್ಲಿ ಕೂತರು. ಪೆಟ್ಟಿಗೆಯ ಮೇಲೆ ಬೆಳ್ಳಗೆ ಹಿಮ ಕಟ್ಟುತ್ತಿತ್ತು. ಸ್ವಲ್ಪ ಹೊತ್ತಿಗೆ ಯಂತ್ರ ತಾನೇ ಅದನ್ನು ಕರಗಿಸಿತು. ಒಂದು ಚೊಂಬಿನಷ್ಟು ನೀರು ದಡದಡ ಸುರಿಯಿತು. ಆಮೇಲೆ ಮತ್ತೆ ಹಿಮ. ಮತ್ತೆ ನೀರು.

ವಿಲ್ಲಾದ ಮುಂದೆ ಕಣಿವೆಯ ನೋಟ. ಅದು ಕೆಡಬಾರದೆಂದು ಪೆಟ್ಟಿಗೆಗಳನ್ನು ಹಿಂಬದಿಯ ಗೋಡೆಗೆ ಹಾಕಿಸಿದ್ದರು. ಕೆಳಗೆ ಕಲ್ಲಿನ ಮೆಟ್ಟಿಲು. ಅಡಿಗೆಮನೆಯಿಂದ ಬಟ್ಟೆ ಒಗೆಯುವ ಜಾಗಕ್ಕೆ ಕೆಲಸದವರು ಓಡಾಡುವ ಮೆಟ್ಟಿಲು. ನೀರು ಸುರಿದದ್ದು ಅದರ ಮೇಲೆ.

ಆ ಹೊತ್ತಿಗೆ ಎಂಜಿನಿಯರ್ ಡೆಸ್ಮಂಡ್ ಸರ್ ಬಂದರು. ಮಂಗಳೂರಿನವರು. ದಪ್ಪ ಜಾಕೆಟ್ಟು, ಕೈಯಲ್ಲಿ ಚಹಾ.

"ಸರ್ರ, ಇದಕ್ಕ ಕೆಳಗ ಟ್ರೇ ಬೇಕ್ರಿ," ಎಂದರು ಶಂಕ್ರೆಪ್ಪಣ್ಣ. "ಟ್ರೇ ಇಟ್ಟು, ಪೈಪ್ ಕೊಟ್ಟು, ನೀರು ಮೋರಿಗೆ ಬಿಡಬೇಕು. ಯಂತ್ರದ ಪುಸ್ತಕದಾಗ ಚಿತ್ರ ಐತಿ ನೋಡ್ರಿ."

"ಔಟ್‌ಡೋರಿಗೆ ಎಂತ ಟ್ರೇ ಮಾರಾಯಾ? ನಿನ್ನ ಸರ್ವಿಸಲ್ಲಿ ಒಂದಕ್ಕಾದ್ರೂ ಹಾಕಿದ್ದುಂಟಾ?"

"ಮಸ್ಕತ್ತಿನ್ಯಾಗ ನೀರು ಬರಂಗಿಲ್ಲಲ್ರಿ."

"ಟ್ರೇ ಆರ್ಡರಿಂದ ಕಟ್ ಆಗಿದೆ. ಬಾಸ್ ಕಟ್ ಮಾಡಿದ್ದು. ಎರಡು ತಿಂಗಳ ಚಳಿ, ಆಮೇಲೆ ಒಣಗ್ತದೆ. ಯಲ್ಲಾ, ನಡಿ, ಮುಂದಿನದ್ದು ನೋಡು."

ಶಂಕ್ರೆಪ್ಪಣ್ಣ ಇನ್ನೊಂದು ಸಲ ಮೆಟ್ಟಿಲ ಕಡೆ ನೋಡಿದರು. ಚೀಲ ಎತ್ತಿಕೊಂಡು ಮುಂದಿನ ವಿಲ್ಲಾಕ್ಕೆ ಹೋದರು. ನಾನು ಅಲ್ಲೇ ನಿಂತಿದ್ದೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಇಲ್ಲಿ ನಮ್ಮ ಕಾಗದದ ಪದ್ಧತಿ ಹೇಳಬೇಕು. ಒಂದೊಂದು ಯಂತ್ರಕ್ಕೂ ಒಂದೊಂದು ಇಂಗ್ಲಿಷ್ ಹಾಳೆ. ಅದರಲ್ಲಿ ಹದಿನಾಲ್ಕು ಸಾಲು. ಪೈಪು ಪರೀಕ್ಷೆಯಾಯಿತೇ, ವಯರು ಬಿಗಿಯಾಯಿತೇ, ಹೀಗೆ. ಹನ್ನೊಂದನೆಯ ಸಾಲು: ಹೊರ ಪೆಟ್ಟಿಗೆಗೆ ಟ್ರೇ ಮತ್ತು ನೀರಿನ ಪೈಪು ಹಾಕಿದೆ. ಯಂತ್ರ ಹಾಕಿದವನು ಪ್ರತಿ ಸಾಲಿಗೂ ಗುರುತು ಮಾಡಿ ಕೆಳಗೆ ಸಹಿ ಹಾಕಬೇಕು. ಹಾಳೆಗಳು ಗುರುವಾರ ಮಧ್ಯಾಹ್ನದ ಗಾಡಿಯಲ್ಲಿ ಮಸ್ಕತ್ತಿಗೆ, ವಿಲ್ಲಾ ಮಾಲೀಕರ ಪರವಾಗಿ ಕೆಲಸ ಪರಿಶೀಲಿಸುವ ಕನ್ಸಲ್ಟೆಂಟಿಗೆ ಹೋಗಬೇಕು.

ಹುಡುಗರು ಕತ್ತಲಾಗುವವರೆಗೂ ಗೋಡೆ ಮೇಲೆ ಇರುತ್ತಿದ್ದರು. ಹಾಳೆ ತುಂಬಲು ಯಾರಿಗೂ ಪುರಸೊತ್ತಿಲ್ಲ. ಅದಕ್ಕೆ ಗುರುವಾರ ಊಟದ ಹೊತ್ತಿಗೆ ನಾನು ಮುಂದಿನ ವಾರದ ಖಾಲಿ ಹಾಳೆಗಳನ್ನೂ ಸೇರಿಸಿ ಒಯ್ಯುತ್ತಿದ್ದೆ. ಅನ್ನ ಕಲಸಿದ ಕೈಯನ್ನು ಪ್ಯಾಂಟಿಗೆ ಒರೆಸಿ ಸಹಿ ಹಾಕುತ್ತಿದ್ದರು. ಯಂತ್ರ ಇನ್ನೂ ಪೆಟ್ಟಿಗೆಯೊಳಗೇ ಇರುತ್ತಿತ್ತು. ಸಹಿ ಮುಗಿದಿರುತ್ತಿತ್ತು. ಆಮೇಲೆ ನಾನು ಕ್ಯಾಬಿನ್ನಿನಲ್ಲಿ ಕೂತು ಗುರುತು ಹಾಕುತ್ತಿದ್ದೆ. ಮೇಲಿಂದ ಕೆಳಕ್ಕೆ, ಒಂದೇ ಉಸಿರಿಗೆ ಹದಿನಾಲ್ಕು ಟಿಕ್ಕು. ಓದುತ್ತಿರಲಿಲ್ಲ. ಹನ್ನೊಂದನೆಯ ಸಾಲಿನಲ್ಲಿ ನನ್ನ ಪೆನ್ನು ಒಂದು ಸಲವೂ ತಡೆದು ನಿಲ್ಲಲಿಲ್ಲ.

ಇಪ್ಪತ್ತೆರಡೂ ಯಂತ್ರ ಗೋಡೆಗೆ ಏರಿದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ ಒಂಬತ್ತನೇ ವಿಲ್ಲಾದ ಹಿಂದಿನಿಂದ ಕೂಗು ಕೇಳಿತು.

ಕಾಂತಾಮಣಿ ಬಿದ್ದಿದ್ದಳು. ವಿಲ್ಲಾಗಳ ಕ್ಲೀನಿಂಗಿಗೆ ಬಂದ ಹೆಂಗಸು. ಮುಳಬಾಗಿಲು ಕಡೆಯವಳು. ನಮ್ಮನ್ನು ಕಂಡರೆ "ಏನಣ್ಣಾ, ಊಟ ಆಯ್ತಾ?" ಎಂದು ದೂರದಿಂದಲೇ ಕೂಗುತ್ತಿದ್ದಳು. ಒದ್ದೆ ಹೊದಿಕೆಗಳ ಬಕೆಟ್ಟು ಹಿಡಿದು ಇಳಿಯುವಾಗ ಕಾಲು ಜಾರಿತ್ತು. ಮೆಟ್ಟಿಲ ಮೇಲೆ ಸುರಿದ ನೀರು ರಾತ್ರಿಯ ಚಳಿಗೆ ಗಟ್ಟಿಯಾಗಿತ್ತು. ಏಳು ಮೆಟ್ಟಿಲು ಉರುಳಿದ್ದಳು. ಒಂದು ಕಾಲು ಮಡಚಬಾರದ ಕಡೆಗೆ ಮಡಚಿತ್ತು.

ಅವಳು ಅಳಲಿಲ್ಲ. ಮುಖ ಬಿಳಿಚಿಕೊಂಡಿತ್ತು. "ಅಣ್ಣಾ, ಬಕೆಟ್ ಒಡೀತಾ ನೋಡು," ಎಂದಳು. "ಮೇಡಂ ಬೈತಾರೆ."

"ಒಡದಿಲ್ಲವ್ವಾ," ಎಂದರು ಶಂಕ್ರೆಪ್ಪಣ್ಣ. ಬಕೆಟ್ಟು ಎರಡು ಹೋಳಾಗಿತ್ತು.

ಏಣಿಯ ಮೇಲೆ ಕಂಬಳಿ ಹಾಸಿ ಅವಳನ್ನು ಮಲಗಿಸಿದೆವು. ನಾಲ್ಕು ಜನ ಹೊತ್ತರು. ಉಳ್ಳಾಲದ ಮುಹಿಯುದ್ದೀನ್ ನಮ್ಮ ಟೆಕ್ನಿಶಿಯನ್ನೂ ಹೌದು, ಡ್ರೈವರೂ ಹೌದು. ಪಿಕಪ್ಪಿನ ಹಿಂದೆ ಅವಳನ್ನಿಟ್ಟು ಆ ತಿರುವುಗಳಲ್ಲಿ ನಿಜ್ವಾಕ್ಕೆ ಇಳಿಸಿದ. ಸಂಜೆ ಒಬ್ಬನೇ ಮರಳಿ ಬಂದ.

"ಸೊಂಟದ ಎಲುಬು ಮುರಿದಿದೆಯಂತೆ," ಎಂದ. "ಮೊದಲಿನ ಹಾಗೆ ನಡೀಲಿಕ್ಕೆ ಆಗ್ಲಿಕ್ಕಿಲ್ಲ ಹೇಳಿದ್ರು ಡಾಕ್ಟ್ರು."

ಶಂಕ್ರೆಪ್ಪಣ್ಣ ಎದ್ದು ಹೋಗಿ ಒಂಬತ್ತನೇ ವಿಲ್ಲಾದ ಯಂತ್ರ ಆಫ್ ಮಾಡಿ ಬಂದರು.

ಬುಧವಾರ ಡೆಸ್ಮಂಡ್ ಸರ್ ನನ್ನನ್ನು ಕರೆದರು. ಮೇಜಿನ ಮೇಲೆ ಒಂಬತ್ತನೇ ವಿಲ್ಲಾದ ಹಾಳೆಯ ಪ್ರತಿ. ಹದಿನಾಲ್ಕು ಟಿಕ್ಕು. ಕೆಳಗೆ ಕನ್ನಡದಲ್ಲಿ ಗುಂಡಗಿನ ಸಹಿ. ಶಂಕ್ರೆಪ್ಪ. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿದ ಒಂದು ಪತ್ರ.

"ಇದನ್ನು ಅವನ ಹತ್ರ ಸಹಿ ಮಾಡಿಸು ವಿಕಾಸ್."

ಓದಿದೆ. ಶಂಕ್ರೆಪ್ಪಣ್ಣನೇ ಹೇಳಿದ ಹಾಗೆ ಬರೆದಿತ್ತು: ಒಂಬತ್ತನೇ ವಿಲ್ಲಾಕ್ಕೆ ಕಂಪನಿ ಟ್ರೇ ಕೊಟ್ಟಿತ್ತು. ನಾನು ಅಲಕ್ಷ್ಯದಿಂದ ಅದನ್ನು ಹಾಕಲಿಲ್ಲ. ಹಾಕಿದ್ದೇನೆಂದು ಸುಳ್ಳು ಬರೆದೆ. ಆದ ಅನಾಹುತಕ್ಕೆ ನಾನೊಬ್ಬನೇ ಹೊಣೆ.

"ಅವರು ಇದಕ್ಕೆ ಸಹಿ ಹಾಕ್ತಾರಾ ಸರ್?"

"ರಜೆ ಅರ್ಜಿ ಅಂತ ಹೇಳು. ಅವನಿಗೆಲ್ಲಿ ಇಂಗ್ಲಿಷ್ ಓದ್ಲಿಕ್ಕೆ ಬರ್ತದೆ?"

ನಾನು ಪತ್ರದಿಂದ ತಲೆಯೆತ್ತಿ ಅವರನ್ನು ನೋಡಿದೆ.

"ಹಾಗೆ ನೋಡ್ಬೇಡ ಮಾರಾಯಾ. ಅವನಿಗೆ ಒಳ್ಳೇದೇ ಆಗೋದು. ನಿಜವಾಗ್ಲೂ ರಜೆ ಕೊಡ್ತಾ ಇದ್ದೇವೆ. ಸೋಮವಾರ ಫ್ಲೈಟು. ಅವನು ಊರಲ್ಲಿ ಇರುವಾಗ ವೀಸಾ ಕ್ಯಾನ್ಸಲ್. ಪೊಲೀಸು, ಕೇಸು ಎಲ್ಲ ಬರುವಷ್ಟರಲ್ಲಿ ಅವನು ಇಲ್ಲಿ ಇರೋದೇ ಇಲ್ಲ. ಜೈಲಿಗೆ ಹೋಗೋದಕ್ಕಿಂತ ಹೆಂಡ್ತಿ ಹತ್ರ ಹೋಗೋದು ಒಳ್ಳೇದಲ್ವಾ?"

"ಕಾಂತಾಮಣಿಗೆ?"

"ಕಂಪನಿ ತಪ್ಪಿಲ್ಲ ಅಂದ್ಮೇಲೆ ಕಂಪನಿ ಯಾಕೆ ಪರಿಹಾರ ಕೊಡ್ಬೇಕು?" ಅವರು ಧ್ವನಿ ತಗ್ಗಿಸಿದರು. "ನೋಡು, ಟ್ರೇ ಕಟ್ ಮಾಡಿದ ಪೇಪರಲ್ಲಿ ನನ್ನ ಸಹಿ ಉಂಟು. ಬಾಸಿನದ್ದಲ್ಲ. ನಂಗೂ ಮನೆ ಉಂಟು. ಮತ್ತೆ ಈ ಟಿಕ್ಕು ಯಾರದ್ದು ಅಂತ ನಂಗೆ ಗೊತ್ತುಂಟು. ನಾನು ಯಾರಿಗಾದ್ರೂ ಹೇಳಿದ್ನಾ?"

ಅವರು ಅಂದೇ ಮಸ್ಕತ್ತಿಗೆ ಇಳಿದರು. ಭಾನುವಾರ ಟಿಕೆಟ್ಟು ಹಿಡಿದು ಬರುತ್ತೇನೆ, ಪತ್ರ ತಯಾರಿರಲಿ ಎಂದರು.

ಆ ಸಂಜೆ ನನಗೆ ಭಯವಾಗಲಿಲ್ಲ, ಸಿಟ್ಟೂ ಬರಲಿಲ್ಲ. ಬೆರಳು ಮರಗಟ್ಟಿದಾಗ ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು.

ಶಂಕ್ರೆಪ್ಪಣ್ಣ ಕ್ಯಾಬಿನ್ನಿನಲ್ಲಿ ಒಬ್ಬರೇ ಇದ್ದರು. ರಜೆಯ ಸುದ್ದಿಯನ್ನು ಡೆಸ್ಮಂಡ್ ಸರ್ ಫೋನಿನಲ್ಲೇ ಅವರಿಗೆ ಮುಟ್ಟಿಸಿದ್ದರು. ಹೆಂಡತಿ ಬಸಕ್ಕನ ಜೊತೆ ಮಾತಾಡುತ್ತಿದ್ದರು.

"ಸೋಮವಾರನ. ಹೂಂ. ಸುಳ್ಳ್ಯಾಕ ಹೇಳ್ಲಿ?"

ಫೋನಿನಲ್ಲಿ ಆಕೆಯ ದನಿ ನನಗೂ ಕೇಳುತ್ತಿತ್ತು. "ಮೂರು ವರ್ಸದಿಂದ ಬರ್ತೀನಿ ಬರ್ತೀನಿ ಅಂತೀರಿ. ಬಾಗಲದಾಗ ನಿಂತ ಮ್ಯಾಲ ನಂಬ್ತೀನಿ."

"ಹಂಗಾದ್ರ ಬಾಗಲಾ ತಕ್ಕೊಂಡ ಇಡು," ಎಂದು ನಗುತ್ತ ಫೋನಿಟ್ಟರು. ನನ್ನ ಕೈಯ ಕಾಗದ ನೋಡಿದರು. "ಬಾ ತಮ್ಮಾ. ಅರ್ಜೀನಾ? ಕೊಡು."

ಕೊಟ್ಟೆ. ಅವರು ಕಾಗದವನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಗುರುವಾರ ಮಾಡುವ ಹಾಗೆಯೇ, ನೇರವಾಗಿ ಕೆಳತುದಿಗೆ ಪೆನ್ನು ಒಯ್ದರು.

ನಾನು ಕಾಗದದ ಮೇಲೆ ಅಂಗೈ ಇಟ್ಟೆ.

"ಏನಾತು?"

"ಓದ್ತೇನೆ. ಕೇಳಿ ಆಮೇಲೆ ಹಾಕಿ."

ಒಂದೊಂದೇ ವಾಕ್ಯ ಕನ್ನಡದಲ್ಲಿ ಹೇಳಿದೆ. ಅವರು ಮುಖ ಬದಲಿಸಲಿಲ್ಲ. ಡೆಸ್ಮಂಡ್ ಸರ್ ಹೇಳಿದ್ದನ್ನೂ ಹೇಳಿದೆ. ಮುಗಿದ ಮೇಲೆ ಅವರು ಪೆನ್ನಿನ ಮುಚ್ಚಳ ಹಾಕಿದರು.

"ನಾ ಸುಳ್ಳು ಬರದೇನಿ ಅಂತಾರ. ನಾ ಏನ್ ಬರದೇನಿ? ನಂಗ ಇಂಗ್ಲಿಷ್ ಬರಿಯಾಕ ಎಲ್ಲಿ ಬರತೈತಿ? ಟಿಕ್ ಯಾರು ಹಾಕ್ಯಾರ?"

"ನಾನು."

ಗಾಳಿ ರಟ್ಟನ್ನು ಪಟಪಟ ಬಡಿಯುತ್ತಿತ್ತು.

"ನಿನಗ ಗೊತ್ತಿತ್ತು ಟ್ರೇ ಬಂದಿಲ್ಲಂತ. ನಾ ಸರ್ರಿಗೆ ಹೇಳಾಕತ್ತಾಗ ನೀ ಅಲ್ಲೇ ನಿಂತಿದ್ದಿ."

"ನಿಂತಿದ್ದೆ."

"ಇಷ್ಟೆಲ್ಲ ಸಾಲಿ ಕಲ್ತಿ."

ಬೈದಿದ್ದರೆ ಚೆನ್ನಾಗಿತ್ತು. ಅವರು ಅಷ್ಟೇ ಹೇಳಿ ಗೋಡೆ ನೋಡುತ್ತ ಕೂತರು.

"ನಾ ಸಹಿ ಹಾಕಿದ್ರ ಊರಿಗೆ ಹೊಕ್ಕೇನಿ. ಹೌದಿಲ್ಲೋ?"

"ಹೌದು."

"ಹಾಕಲಿಲ್ಲ ಅಂದ್ರ ಸೋಮವಾರ ಇಲ್ಲ."

"ಇಲ್ಲ."

"ಹಾಕಿದ್ರ ಆ ಹೆಣ್ಮಗಳಿಗೆ?"

"ಏನೂ ಸಿಕ್ಕುವುದಿಲ್ಲ. ನಿಮ್ಮ ಮೇಲೆ ಹಾಕಿ ಕೈತೊಳೆದುಕೊಳ್ತಾರೆ."

ಅವರು ಕಾಗದವನ್ನು ಎರಡು ಮಡಿಕೆ ಮಾಡಿ ದಿಂಬಿನ ಕೆಳಗಿಟ್ಟರು. ಹರಿಯಲಿಲ್ಲ, ಸಹಿಯನ್ನೂ ಹಾಕಲಿಲ್ಲ. "ನಾಳೆ ಊಟದಾಗ ಎಲ್ಲಾರ ಮುಂದ ಓದು," ಎಂದರು. "ನಂಗೊಬ್ಬಂಗ ಓದಿದ್ದು ಸಾಲಂಗಿಲ್ಲ."

ಗುರುವಾರ ಊಟದಲ್ಲಿ ಓದಿದೆ. ಕನ್ನಡದಲ್ಲಿ, ಆಮೇಲೆ ಕನ್ನಡ ಬಾರದವರಿಗೆ ಹಿಂದಿಯಲ್ಲಿ. ನನ್ನ ದನಿ ಅಷ್ಟು ಹೊತ್ತು ಕೇಳಿದ್ದು ಅವರಿಗೆ ಅದೇ ಮೊದಲು.

"ಸಹಿ ಹಾಕಿ ಹೋಗಿಬಿಡಿ ಶಂಕ್ರೆಪ್ಪಣ್ಣ," ಎಂದ ಫಾಹಿಮ್. "ವೀಸಾ ಕೊಟ್ಟ ಕಫೀಲಿನ ಜೊತೆ ಜಗಳ ಮಾಡಿ ಗೆದ್ದವರುಂಟಾ? ಊರಿಗೆ ಮುಟ್ಟಿದ ಮೇಲೆ ಯಾರು ಕೇಳ್ತಾರೆ?"

"ಒಂಬತ್ತನೇ ವಿಲ್ಲಾ ಶಂಕ್ರೆಪ್ಪಣ್ಣಂದು. ಹದಿಮೂರು ಯಾರದ್ದು?" ಎಂದ ಮುಹಿಯುದ್ದೀನ್.

ಫಾಹಿಮ್ ತಲೆಯೆತ್ತಿದ.

"ನಿಂದು. ಹದಿನಾಲ್ಕು ನಂದು. ಅಲ್ಲಿಯೂ ನೀರು ಬೀಳ್ತದೆ, ಅಲ್ಲಿಯೂ ಮೆಟ್ಟಿಲುಂಟು. ನಾಳೆ ಅಲ್ಲೊಬ್ಬಳು ಬಿದ್ದರೆ ಈ ಪತ್ರದಲ್ಲಿ ಹೆಸರೊಂದು ಬದಲಾಗ್ತದೆ. ಮತ್ತೆ ಓದಿ ನೋಡು ಬೇಕಾದ್ರೆ."

ಫಾಹಿಮ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಒಬ್ಬ ಒಂದು ಟ್ರೇ ಮರೀಬಹುದು," ಎಂದರು ಶಂಕ್ರೆಪ್ಪಣ್ಣ. "ಎಂಟು ಮಂದಿ ಇಪ್ಪತ್ತೆರಡು ಮರೀತಾರೇನು? ಅದನ್ನ ಬರದು ಕಳಸೂದು ಹೆಂಗಂತ ಈ ಸಾಲಿ ಕಲ್ತಾವ ಹೇಳಲಿ."

ಎಲ್ಲರೂ ನನ್ನ ಕಡೆ ನೋಡಿದರು. ದಾರಿ ನನ್ನ ಕೆಲಸದೊಳಗೇ ಇತ್ತು. ಕಳಿಸಿದ ಹಾಳೆ ತಪ್ಪಾಗಿದ್ದರೆ ಹೊಸದನ್ನು ಬರೆದು, ಮೇಲೆ 'ರಿವಿಷನ್' ಎಂದು ನಮೂದಿಸಿ, ಗುರುವಾರದ ಗಾಡಿಯಲ್ಲೇ ಕನ್ಸಲ್ಟೆಂಟಿಗೆ ಕಳಿಸುವುದು. ಅದಕ್ಕೆ ಎಂಜಿನಿಯರನ್ನು ಕೇಳಬೇಕಾಗಿರಲಿಲ್ಲ. ಡೆಸ್ಮಂಡ್ ಸರ್ ಅವನ್ನು ಓದುತ್ತಲೂ ಇರಲಿಲ್ಲ.

ಇಪ್ಪತ್ತೆರಡು ಹೊಸ ಹಾಳೆ ತಂದೆ. ಪೆನ್ನು ಅವರ ಕೈಗೇ ಕೊಟ್ಟೆ. ಹಾಳೆ ಹಿಡಿದು ಒಬ್ಬೊಬ್ಬರೂ ತಾವು ಹಾಕಿದ ಯಂತ್ರದ ಹತ್ತಿರ ಹೋದರು. ನಾನು ಹಿಂದೆ ಹಿಂದೆ ನಡೆದು ಸಾಲುಗಳನ್ನು ಓದಿ ಹೇಳುತ್ತಿದ್ದೆ. ಅವರು ಬಗ್ಗಿ ನೋಡಿ, ಮುಟ್ಟಿ, ಗುರುತು ಹಾಕುತ್ತಿದ್ದರು. ಹನ್ನೊಂದಕ್ಕೆ ಬಂದಾಗ ಪೆಟ್ಟಿಗೆಯ ಕೆಳಗೆ ಕೈ ಹಾಕಿ ನೋಡುತ್ತಿದ್ದರು. ಖಾಲಿ ಗಾಳಿ. ಅಲ್ಲಿ ಇಂಟು ಹಾಕುತ್ತಿದ್ದರು. ಒಬ್ಬ ಬಂಗಾಳಿ ಹುಡುಗ ಕಾಗದ ಹರಿಯುವಷ್ಟು ಒತ್ತಿ ಹಾಕಿದ. ಶಂಕ್ರೆಪ್ಪಣ್ಣ ಅವಸರ ಮಾಡಲಿಲ್ಲ. ಒಂಬತ್ತನೇ ವಿಲ್ಲಾದಲ್ಲಿ ಎಲ್ಲ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿದು ನೋಡಿದ ಮೇಲೆಯೇ ಸಹಿ ಹಾಕಿದರು.

ಮೊದಲಿನ ಟಿಕ್ಕುಗಳನ್ನು ಯಂತ್ರ ನೋಡದೆ ನಾನೇ ಹಾಕಿದ್ದೇನೆ ಎಂದು ಒಂದು ಪುಟ ಬರೆದು ಕಟ್ಟಿನ ಮೇಲಿಟ್ಟೆ. ನನ್ನ ಹೆಸರು ಬರೆದೆ. ಮಧ್ಯಾಹ್ನ ಹೊರಡಬೇಕಿದ್ದ ಗಾಡಿಯನ್ನು ಮುಹಿಯುದ್ದೀನ್ ಕತ್ತಲಾದ ಮೇಲೆ ಹೊರಡಿಸಿದ.

ಅಂದು ರಾತ್ರಿ ಶಂಕ್ರೆಪ್ಪಣ್ಣ ಬಸಕ್ಕನಿಗೆ ಫೋನು ಮಾಡಲಿಲ್ಲ. ಶುಕ್ರವಾರವೂ ಮಾಡಲಿಲ್ಲ. ಶನಿವಾರ ಆಕೆಯೇ ಮಾಡಿದಳು. ಅವರು ಫೋನು ಹಿಡಿದು ಹೊರಗೆ ಹೋದರು. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಬಂದವರು ಕಂಬಳಿ ಹೊದ್ದು ಆ ಕಡೆ ತಿರುಗಿ ಮಲಗಿದರು.

ಭಾನುವಾರ ಬೆಳಿಗ್ಗೆ ಡೆಸ್ಮಂಡ್ ಸರ್ ಬಂದರು. ಗಾಡಿಯ ಬಾಗಿಲೂ ಹಾಕದೆ ಕ್ಯಾಬಿನ್ನಿಗೆ ನುಗ್ಗಿದರು. ಕೈಯಲ್ಲಿ ಟಿಕೆಟ್ಟಿರಲಿಲ್ಲ, ಹಾಳೆಗಳ ಕಟ್ಟಿತ್ತು.

"ಕನ್ಸಲ್ಟೆಂಟ್ ಫೋನ್ ಮಾಡಿದಾನೆ. ಇಪ್ಪತ್ತೆರಡರಲ್ಲೂ ಹನ್ನೊಂದು ಯಾಕೆ ಇಂಟು ಅಂತ ಕೇಳ್ತಾನೆ. ಎಂತ ಹೇಳಲಿ ನಾನು?" ಅವರು ನನ್ನ ಕಡೆ ತಿರುಗಿದರು. "ವಿಕಾಸ್, ನಿನ್ನದು ಖಲಾಸ್. ಬ್ಯಾಗ್ ಕಟ್ಟು."

"ಆಯ್ತು ಸರ್," ಎಂದೆ.

"ಶಂಕ್ರೆಪ್ಪ, ನಿನ್ನ ಟಿಕೆಟ್ ಕ್ಯಾನ್ಸಲ್. ಬೇಕಾ ಇದೆಲ್ಲ ನಿಂಗೆ?"

ಶಂಕ್ರೆಪ್ಪಣ್ಣ ಕೈಯ ಕಾಲುಚೀಲವನ್ನು ಮೇಲಕ್ಕೆ ಎಳೆದುಕೊಂಡರು.

ಡೆಸ್ಮಂಡ್ ಸರ್ ಚೀಲದಿಂದ ಖಾಲಿ ಹಾಳೆಗಳ ಇನ್ನೊಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಜೇಬಿನಿಂದ ಪೆನ್ನು ತೆಗೆದರು. ದನಿ ಮೆತ್ತಗಾಯಿತು.

"ತಪ್ಪಾಗಿ ಹಾಕಿದೆವು ಅಂತ ಹೇಳುವ. ಬರೇ ಸಹಿ ಮಾಡಿ. ಉಳಿದದ್ದು ನಾನು ನೋಡಿಕೊಳ್ತೇನೆ. ಯಾರ ಕೆಲಸಕ್ಕೂ ತೊಂದರೆ ಇಲ್ಲ. ಫಾಹಿಮ್, ನೀನು ಬಾ."

ಫಾಹಿಮ್ ಪೆನ್ನು ತೆಗೆದುಕೊಂಡ. ಅದನ್ನು ತಿರುಗಿಸಿ ನೋಡಿದ. ಪಕ್ಕದವನಿಗೆ ಕೊಟ್ಟ. ಅವನು ಮುಹಿಯುದ್ದೀನನಿಗೆ ಕೊಟ್ಟ. ಮುಹಿಯುದ್ದೀನ್ ಬಂಗಾಳಿ ಹುಡುಗನಿಗೆ. ಪೆನ್ನು ಒಂದು ಕಾಲುಚೀಲದ ಕೈಯಿಂದ ಇನ್ನೊಂದು ಕಾಲುಚೀಲದ ಕೈಗೆ ದಾಟುತ್ತ ಎಂಟೂ ಜನರನ್ನು ಸುತ್ತಿ ಕೊನೆಗೆ ನನ್ನ ಹತ್ತಿರ ಬಂತು. ನಾನು ಅದನ್ನು ಖಾಲಿ ಹಾಳೆಗಳ ಮೇಲೆ ಇಟ್ಟೆ.

"ಹಾಗಾದ್ರೆ ನಾಳೆಯಿಂದ ಯಾರೂ ಕೆಲಸಕ್ಕೆ ಬರೋದು ಬೇಡ," ಎಂದರು ಡೆಸ್ಮಂಡ್ ಸರ್.

"ಬರ್ತೀವ್ರಿ ಸರ್ರ," ಎಂದರು ಶಂಕ್ರೆಪ್ಪಣ್ಣ. "ಇಪ್ಪತ್ತೆರಡು ಟ್ರೇ ತರಸ್ರಿ. ಹಾಕಿ ಹೊಕ್ಕೀವಿ."